ಹಕ್ಕಿ ಅರಿವೆಯ ಕಿರೀಟ

ನಾರಾಯಣಪೇಟೆ
ಗುರುವಾರ, 19 ಡಿಸೆಂಬರ್ 2024

ಚಿರಂಜೀವಿ ಕಾವ್ಯಾಗೆ,

ಆಶೀರ್ವಾದ ಮೊದಲು, ಸಿಟ್ಟು ಆಮೇಲೆ. ಹದಿನೈದು ದಿನದಲ್ಲಿ ಆರು ಸಲ ಫೋನು ಮಾಡಿದ್ದೀ. ಆರೂ ಸಲ ಒಂದು ಹಕ್ಕಿಯ ತಲೆಯ ಸಲುವಾಗಿ. ನಿಮ್ಮಪ್ಪನ ಮೊಣಕಾಲು ನೋವು ಹೇಗಿದೆ ಎಂದು ಕೇಳಿದ್ದು ಒಂದೇ ಸಲ, ಅದೂ ಫೋನು ಇಡುವ ಹೊತ್ತಿಗೆ. ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ನಾಲ್ಕು ಪ್ರಶ್ನೆ ಕೇಳುತ್ತೀ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದದ ನಡುವೆ ಬಾಯಿ ಹಾಕಲು ನಿನಗೂ ಬರುವುದಿಲ್ಲ. ಸೋದರಮಾವನ ಮನೆಯಲ್ಲಿದ್ದುಕೊಂಡು ಮಕ್ತಲದ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿ ಪಾಸಾದವಳು ನಾನು. ನನ್ನ ಅಕ್ಷರ ಇವತ್ತಿಗೂ ನಿನ್ನ ಅಕ್ಷರಕ್ಕಿಂತ ನೆಟ್ಟಗಿದೆ. ಕೂತು ಓದು.

ನೀನು ಹೇಳಿದ್ದು ನನಗೆ ಎಷ್ಟು ತಿಳಿಯಿತು ಎಂದು ಮೊದಲು ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿಕೋ. ನಮ್ಮ ಮನೆಯ ಹಕ್ಕಿ ಅರಿವೆಯನ್ನು, ಅಂದರೆ ಕೆಂಪು ನಾರಾಯಣಪೇಟೆ ಬಟ್ಟೆಯ ಮೇಲೆ ಬಿಳಿ ಹದ್ದಿನ ಕಸೂತಿ ಇರುವ ಆ ಮೊಳದಗಲದ ತುಂಡನ್ನು, ಹೋದ ಮಾರ್ಚಿನಲ್ಲಿ ನೀನು ಪೋಲೆಂಡಿಗೆ ಒಯ್ದೆ. ಅಲ್ಲಿಯ ಮ್ಯೂಸಿಯಂನಲ್ಲಿ ನಿನ್ನದು ಹಳೆಯ ಅರಿವೆ ದುರಸ್ತಿ ಮಾಡುವ ಒಂದು ವರ್ಷದ ಕೆಲಸ. ಅರಿವೆಯ ಮೂಲೆಯಲ್ಲಿ ಜೋಫಿಯಾ ಎಂಬ ಹೆಸರೂ 1947 ಎಂಬ ಇಸವಿಯೂ ಇವೆ. ಆ ಜೋಫಿಯಾ ಯುದ್ಧದ ಕಾಲದಲ್ಲಿ ಊರು ಕಳೆದುಕೊಂಡು, ದೇಶ ದೇಶ ಅಲೆದು, ಕೊಲ್ಲಾಪುರದ ಹತ್ತಿರ ಪೋಲೆಂಡಿನವರಿಗಾಗಿ ಕಟ್ಟಿದ ಕ್ಯಾಂಪಿಗೆ ಬಂದು ಸೇರಿದವಳು. ಕ್ಯಾಂಪು ಖಾಲಿಯಾಗುವಾಗ ಬಹಳ ಜನ ಇಂಗ್ಲೆಂಡಿಗೆ ಹೋದರು, ಈಕೆ ತನ್ನ ದೇಶಕ್ಕೇ ಮರಳಿದಳು. ನೀನಿರುವ ಊರಿನಲ್ಲಿ ಮೂವತ್ತು ವರ್ಷ ಹುಡುಗಿಯರಿಗೆ ಹೊಲಿಗೆ ಕಲಿಸಿದಳು. ಆಕೆ ಕಲಿಸಿದ ಶಾಲೆಯ ಕೋಣೆಗೆ ಆಕೆಯ ಹೆಸರಿನ ಫಲಕ ಹಾಕಬೇಕೆಂದು ಊರವರು ಗೊತ್ತುಮಾಡಿದ್ದರು. ಅಷ್ಟರಲ್ಲಿ ನೀನು ನಮ್ಮ ಅರಿವೆ ತೆಗೆದು ಎಲ್ಲರಿಗೂ ತೋರಿಸಿದೆ.

ಆ ದೇಶದ ಗುರುತು ಬಿಳಿ ಹದ್ದು. ಮೊದಲು ಅದರ ತಲೆಯ ಮೇಲೆ ಕಿರೀಟವಿತ್ತು. ಯುದ್ಧದ ನಂತರ ಬಂದ ಕಮ್ಯುನಿಸ್ಟರ ಕೆಂಪು ಸರ್ಕಾರ ಕಿರೀಟ ತೆಗೆಸಿತು. ಆ ಸರ್ಕಾರ ಬಿದ್ದ ಮೇಲೆ ಮತ್ತೆ ಹಾಕಿದರು. ನಮ್ಮ ಅರಿವೆಯ ಹದ್ದಿಗೆ ಕಿರೀಟವಿಲ್ಲ. ನಿಮ್ಮ ಮ್ಯೂಸಿಯಂನ ದೊಡ್ಡ ಸಾಹೇಬ ಅದನ್ನು ನೋಡಿದವನೇ, ಜೋಫಿಯಾ ಹೊಸ ದೊರೆಗಳನ್ನು ಮೆಚ್ಚಿಸಲು ಕ್ಯಾಂಪಿನಲ್ಲಿರುವಾಗಲೇ ಕಿರೀಟ ಬಿಟ್ಟಿದ್ದಾಳೆ ಎಂದು ಬರೆದುಬಿಟ್ಟ. ಹದ್ದಿನ ತಲೆಯ ಮೇಲೆ ಸೂಜಿಯ ತೂತುಗಳಿವೆ ಎಂದು ನೀನು ತೋರಿಸಿದರೆ, ಹಾಗಾದರೆ ಹಾಕಿ ಆಮೇಲೆ ತಾನೇ ಬಿಚ್ಚಿದ್ದಾಳೆ, ಅದು ಇನ್ನೂ ಕೆಟ್ಟದ್ದು ಎಂದ. ಈಗ ಫಲಕ ಬೇಡವೆಂದು ಅರ್ಧ ಊರು ಎದ್ದಿದೆ. ಜನವರಿ ಹತ್ತಕ್ಕೆ ಸಭೆ. ಜೋಫಿಯಾಳ ಮಗಳು ಹಾನ್ನಾ, ಎಂಬತ್ತನಾಲ್ಕು ವರ್ಷದ ಮುದುಕಿ, ಅವ್ವ ಕಿರೀಟ ಹೊಲಿಯುವುದನ್ನು ಕ್ಯಾಂಪಿನ ಜಗಲಿಯಲ್ಲಿ ಕೂತು ನಾನೇ ಕಂಡಿದ್ದೇನೆ ಎನ್ನುತ್ತಾಳೆ. ಆಗ ಆಕೆಗೆ ಏಳು ವರ್ಷ. ಏಳು ವರ್ಷದ ಕೂಸಿನ ಮಾತು ಸಾಕ್ಷಿಯಲ್ಲವಂತೆ. ಆಕೆ ನಿನ್ನ ಕೈ ಹಿಡಿದು ಅತ್ತಳೆಂದು ನೀನು ಫೋನಿನಲ್ಲಿ ಅತ್ತೆ. ಇಷ್ಟೇ ತಾನೆ?

ಮೊದಲ ಸಲ ಕೇಳಿದಾಗ ಎಂಥ ಜನ ಇವರು, ಮಾಡಲು ಬೇರೆ ಕೆಲಸವಿಲ್ಲವೇ ಎಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ಶಿವನು ನನಗೆ ಮರುವಾರವೇ ತೋರಿಸಿದ. ಹೈದರಾಬಾದಿನಲ್ಲಿ ಹೊಸ ತೆಲಂಗಾಣ ತಾಯಿಯ ಮೂರ್ತಿ ನಿಲ್ಲಿಸಿದರಲ್ಲ, ಅದಕ್ಕೆ ಕಿರೀಟವಿಲ್ಲ. ಹಳೆಯದಕ್ಕೆ ಇತ್ತು. ಟಿವಿಯಲ್ಲಿ ನೋಡಿದ ಮರುದಿನ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಯುದ್ಧ. ಒಂದು ಕಡೆ ನಿಮ್ಮಪ್ಪ, ಇನ್ನೊಂದು ಕಡೆ ದಿನಾ ಚಹಾಕ್ಕೆ ಬರುವ ಚಂದ್ರಯ್ಯ.

"ಕಿರೀಟ ತಗದ್ರು, ಸೀರಿ ಬದ್ಲು ಮಾಡಿದ್ರು, ನಾಳಿ ತಾಯಿನ್ನ ಬದ್ಲು ಮಾಡತಾರ ನೋಡೋ ಪರಮೇಶಾ" ಎಂದು ಚಂದ್ರಯ್ಯ.

"ಹೊಲಕ್ಕ ಹೋಗಾಕಿ ಕಿರೀಟ ಇಟ್ಕೊಂಡು ಹೋಗತಾಳೇನಲೇ? ನಿಮ್ಮವ್ವ ಜ್ವಾಳ ಕೊಯ್ಯಾಕ ಕಿರೀಟ ಇಟ್ಕೊಂಡು ಹೋಗಿದ್ಳೇನು?" ಎಂದು ನಿಮ್ಮಪ್ಪ.

"ನಮ್ಮವ್ವನ ಸುದ್ದಿಗಿ ಬರಬ್ಯಾಡ!"

"ನೀ ತಾಯಿ ಸುದ್ದಿಗಿ ಬರಬ್ಯಾಡ!"

ಚಹಾದ ಗ್ಲಾಸು ಉರುಳಿ ಗಿರಾಕಿಗೆ ಬಿಚ್ಚಿಟ್ಟಿದ್ದ ಬಿಳಿ ಸೀರೆಯ ಮೇಲೆ ಬಿತ್ತು. ನಾನು ಒಳಗಿನಿಂದ ಬಂದು, "ಮೊದ್ಲ ಇಬ್ರೂ ನಿಮ್ಮ ತಲೀಮ್ಯಾಲಿನ ರುಮಾಲು ತಗದು ಆ ಸೀರಿ ಒರಸ್ರಿ. ತಾಯಿ ತಲಿ ಚಿಂತಿ ಆಮ್ಯಾಲ ಮಾಡೀರಂತ" ಎಂದೆ. ಒರೆಸಿದರು. ಕಲೆ ಹೋಗಲಿಲ್ಲ. ಅವತ್ತಿನಿಂದ ಚಂದ್ರಯ್ಯ ಎದುರಿನ ಕಟ್ಟೆಯ ಮೇಲೆ ಕೂತು ನಮ್ಮ ಅಂಗಡಿಗೆ ಬೆನ್ನು ಹಾಕಿ ಚಹಾ ಕುಡಿಯುತ್ತಾನೆ. ಪ್ರತಿ ಸೆಪ್ಟೆಂಬರ್ ಹದಿನೇಳಕ್ಕೆ, ನಿಜಾಮನ ರಾಜ್ಯ ಭಾರತಕ್ಕೆ ಸೇರಿದ ದಿನ, ಒಬ್ಬ ವಿಮೋಚನೆ ಎಂದು, ಇನ್ನೊಬ್ಬ ವಿಲೀನ ಎಂದು ಕಿತ್ತಾಡಿ ಮೂರು ದಿನಕ್ಕೆ ಸರಿಹೋಗುತ್ತಿದ್ದರು. ಈ ಸಲ ಹತ್ತು ದಿನವಾಯಿತು. ನಿಮ್ಮಪ್ಪ ಮನೆಯಲ್ಲಿ ಕೂತು ನನ್ನ ತಲೆ ತಿನ್ನುತ್ತಾರೆ. ಹೀಗಿರುವಾಗ ನಿನ್ನ ಪೋಲೆಂಡಿನವರಿಗೆ ನಾನು ಯಾವ ಬಾಯಿಂದ ಬುದ್ಧಿ ಹೇಳಲಿ?

ಇನ್ನು ನೀನು ಕಳಿಸಿದ ಆ ಮ್ಯೂಸಿಯಂ ಫಾರಮ್ಮು. ಅರಿವೆ 1947ರಿಂದ ಯಾವ ಯಾವ ದೇಶದಲ್ಲಿ, ಯಾವ ರಾಜ್ಯದಲ್ಲಿ ಇತ್ತು, ತಾರೀಖಿನ ಸಮೇತ ಬರೆಯಬೇಕಂತೆ. ಬರೆಯಲು ಒಂದೇ ಗೆರೆಯ ಜಾಗ ಬಿಟ್ಟಿದ್ದಾರೆ. ಮೊದಲು ನಿಜಾಮನ ರಾಜ್ಯ. ನಲವತ್ತೆಂಟರಲ್ಲಿ ಭಾರತ. ಐವತ್ತಾರರಲ್ಲಿ ಆಂಧ್ರ. ಎರಡು ಸಾವಿರದ ಹದಿನಾಲ್ಕರಲ್ಲಿ ತೆಲಂಗಾಣ. ಅರಿವೆ ಇದ್ದದ್ದು ಮಾತ್ರ ನಡುಮನೆಯ ಸಾಗವಾನಿ ಪೆಟ್ಟಿಗೆಯಲ್ಲಿ, ಆ ಪೆಟ್ಟಿಗೆ ಗೋಡೆಯಿಂದ ಒಂದು ಗೇಣು ಸರಿದಿಲ್ಲ. ಜೋಫಿಯಾಳ ಹುಟ್ಟೂರು ಈಗ ಬೇರೆ ದೇಶದಲ್ಲಿದೆ, ಅದು ಅಲ್ಲಿಯವರಿಗೆ ದೊಡ್ಡ ದುಃಖ ಎಂದು ನೀನು ನನಗೆ ಅರ್ಧ ತಾಸು ತಿಳಿಸಿ ಹೇಳಿದೆ. ನನಗೆ ತಿಳಿಸಬೇಕಾಗಿರಲಿಲ್ಲ. ನನ್ನ ತವರು ಗದ್ವಾಲ ರಾಯಚೂರು ಜಿಲ್ಲೆಯಲ್ಲಿತ್ತು. ನಮ್ಮಪ್ಪ ರಾಯಚೂರಿನವನಾಗಿ ಮಲಗಿ ಆಂಧ್ರದವನಾಗಿ ಎದ್ದ. ಸಾಯುವವರೆಗೂ ಕೋರ್ಟಿನ ಕಾಗದಕ್ಕೆ ಕನ್ನಡದಲ್ಲೇ ರುಜು ಹಾಕಿ, ಗುಮಾಸ್ತರ ಕೈಯಲ್ಲಿ ಬೈಸಿಕೊಂಡ.

ಈಗ ಕಿರೀಟದ ಮಾತು. ಫೋನಿನಲ್ಲಿ ಮೊದಲ ಸಲ ಕೇಳಿದಾಗ ಅದು ಮೊದಲಿನಿಂದ ಹಾಗೇ ಇತ್ತು ಎಂದೆ. ಎರಡನೆಯ ಸಲ ಇಲಿ ಕಡಿದಿರಬೇಕು ಎಂದೆ. ಇಲಿ ಬರೀ ಕಿರೀಟ ತಿಂದು ಹಕ್ಕಿ ಬಿಡುತ್ತದೇನವ್ವಾ ಎಂದು ನೀನು ಕೇಳಿದೆ. ನಿನಗೆ ಓದಿಸಿದ್ದು ಹೆಚ್ಚಾಯಿತು.

ನಿಮ್ಮಜ್ಜ ಆದೆಪ್ಪನವರ ಕಥೆ ನಿನಗೆ ಗೊತ್ತಿದೆ, ಆದರೆ ಪೂರ್ತಿ ಗೊತ್ತಿಲ್ಲ. ಕೊಲ್ಲಾಪುರದ ಪೇಟೆಗೆ ಅವರು ವರ್ಷಕ್ಕೆರಡು ಸಲ ಸೀರೆ ಒಯ್ಯುತ್ತಿದ್ದರು. ಅಲ್ಲಿ ಜೋಫಿಯಾ ಬಂದು, ತಮ್ಮ ಗುಡಿಯ ಧ್ವಜಕ್ಕೆ ಜರಿ ಬೇಕೆಂದು ಕೈಸನ್ನೆಯಲ್ಲಿ ಕೇಳಿದಳು. ದೇವರ ಕೆಲಸಕ್ಕೆ ಎಂದು ತಿಳಿದು ಅಜ್ಜ ಒಂದು ಉಂಡೆ ಜರಿ ಹಾಗೇ ಕೊಟ್ಟರು. ಊರಿಗೆ ಮರಳುವ ಮುಂಚೆ ಆಕೆ ಅವರದೇ ಅಂಗಡಿಯ ಕೆಂಪು ಬಟ್ಟೆಯ ಮೇಲೆ ಈ ಹಕ್ಕಿ ಹೊಲಿದು ತಂದುಕೊಟ್ಟಳು. ಮರುವರ್ಷ ನಿಜಾಮನ ಆಳ್ವಿಕೆ ಮುಗಿದು ಮಿಲಿಟರಿ ಬಂತು. ಕೆಂಪು ಪಾರ್ಟಿಯವರನ್ನು ಹುಡುಕುತ್ತಾ ಮನೆ ಮನೆ ಝಡತಿ ಮಾಡಿದರು. ನಮ್ಮ ಪೆಟ್ಟಿಗೆಯಲ್ಲಿ ಕೆಂಪು ಅರಿವೆ ಸಿಕ್ಕಿತು. ಇದು ಯಾವ ಪಾರ್ಟಿಯ ಝಂಡಾ ಎಂದು ಒಬ್ಬ ಜವಾನ ಅಜ್ಜನ ಕೊರಳಪಟ್ಟಿ ಹಿಡಿದ. ಅಜ್ಜ, "ಗರುಡ ರೀ ಸಾಹೇಬ್ರ, ಕೊಲ್ಲಾಪುರ ತಾಯಿಯ ಗುಡಿಯಿಂದ ತಂದೀನ್ರಿ" ಎಂದರು. ಕೊರಳಲ್ಲಿ ಲಿಂಗ ಕಟ್ಟಿದವರ ಮನೆಯಲ್ಲಿ ಗರುಡ! ಅಲ್ಲಿಗೆ ನೀವು ಮಕ್ಕಳು ನಗುತ್ತಿದ್ದಿರಿ, ನಾನು ಕಥೆ ನಿಲ್ಲಿಸುತ್ತಿದ್ದೆ.

ಕಥೆ ಅಲ್ಲಿಗೆ ಮುಗಿದಿರಲಿಲ್ಲ. ಜವಾನ ನಂಬಲಿಲ್ಲ. ಆಗ ಅಜ್ಜ ಹಕ್ಕಿಯ ತಲೆಗೆ ಬೆರಳಿಟ್ಟು ತೋರಿಸಿದರು. "ಕಿರೀಟ ನೋಡ್ರಿ, ಬಂಗಾರದ ಜರೀದು. ಕೆಂಪು ಪಾರ್ಟಿಯವರು ಎಲ್ಯಾರ ಕಿರೀಟ ಇಡತಾರೇನ್ರಿ?" ಜವಾನ ಅರಿವೆ ಬೆಳಕಿಗೆ ಹಿಡಿದು ನೋಡಿ, ನಕ್ಕು, ಬಿಟ್ಟು ಹೋದ. ನಿಮ್ಮಜ್ಜನನ್ನು ಉಳಿಸಿದ್ದು ಆ ಕಿರೀಟವೇ. ನಾನು 1978ರಲ್ಲಿ ಸೊಸೆಯಾಗಿ ಬಂದ ವರ್ಷ ಅವರೇ ನನಗೆ ಅರಿವೆ ಬಿಡಿಸಿ, ಕಿರೀಟ ಮುಟ್ಟಿ ತೋರಿಸಿ ಹೇಳಿದ ಮಾತಿದು. ಮೂರು ಮೊನೆ, ಕೆಳಗೆ ಒಂದು ಪಟ್ಟಿ. ಹಾನ್ನಾಗೆ ಹೇಳು, ಏಳು ವರ್ಷದ ಕೂಸು ಕಂಡದ್ದು ಸುಳ್ಳಲ್ಲ.

ಆದ್ದರಿಂದ ಬೇರೆ ಹಾಳೆಯಲ್ಲಿ ಸಾಕ್ಷಿ ಬರೆದು ರುಜು ಹಾಕಿ ಇಟ್ಟಿದ್ದೇನೆ. ಹದ್ದಿಗೆ ಕಿರೀಟ ಇತ್ತು, ನಾನು ಕಣ್ಣಾರೆ ಕಂಡಿದ್ದೇನೆ, 1984ರಲ್ಲಿ ನಮ್ಮ ಮನೆಯಲ್ಲೇ ಒಬ್ಬರು ಬಿಚ್ಚಿದರು, ಜೋಫಿಯಾ ಬಿಚ್ಚಲಿಲ್ಲ. ನೀನು ಅದನ್ನು ಅವರ ಭಾಷೆಗೆ ಮಾಡಿ ಸಭೆಯಲ್ಲಿ ಓದು. ಆ ದೊಡ್ಡ ಸಾಹೇಬನಿಗೆ ನನ್ನ ಹೆಸರಿನಲ್ಲಿ ಇನ್ನೊಂದು ಮಾತು ಕೇಳು. ಇಲ್ಲಿ ಕೆಂಪಾಗಿದ್ದಕ್ಕೆ ಹಿಡಿಯಲು ಬಂದರು, ಅಲ್ಲಿ ಕಿರೀಟ ಇಲ್ಲದ್ದಕ್ಕೆ ಹಿಡಿಯುತ್ತೀರಿ. ಹೊಲಿದವಳನ್ನು ಯಾರಾದರೂ ಒಬ್ಬರು ಒಂದು ಮಾತು ಕೇಳಿದ್ದೀರಾ?

ಯಾರು ಬಿಚ್ಚಿದರು ಎಂದು ನೀನು ಕೇಳುತ್ತೀ. ಅದು ಮನೆಯ ಮಾತು, ಪೋಲೆಂಡಿನವರಿಗೆ ಬೇಕಾಗಿಲ್ಲ. ನಿನಗೆ ಹೇಳುವಷ್ಟು ಹೇಳುತ್ತೇನೆ.

ಆಗ ನಮ್ಮ ಮನೆಯಲ್ಲಿ ನೇಕಾರರಿಗೆ ಕೊಡುವ ಜರಿ ಸುತ್ತಲು ಜಮ್ಮುಲಮ್ಮ ಎಂಬವಳು ಬರುತ್ತಿದ್ದಳು. ನನ್ನ ತವರೂರಿನವಳು, ನನಗಿಂತ ಹತ್ತು ವರ್ಷ ದೊಡ್ಡವಳು. ಜರಿ ಸುತ್ತಲು ಬಂದವರು ಸಂಜೆ ಹೋಗುವಾಗ ಹೊಸಲಿನಲ್ಲಿ ನಿಂತು ಸೆರಗು ಝಾಡಿಸಿ ಹೋಗಬೇಕು, ಒಂದೆಳೆ ಜರಿ ಅಂಟಿದ್ದರೂ ಬೀಳಬೇಕು. ಅದು ನಮ್ಮ ಮನೆಯ ಪದ್ಧತಿ. ಹಳೆಯ ಜರಿ ಸುಟ್ಟರೆ ಬೆಳ್ಳಿ ಬರುತ್ತದೆ, ಅದಕ್ಕೆ ಆ ಕಟ್ಟುನಿಟ್ಟು. ಆ ವರ್ಷ ದೀಪಾವಳಿಗೆ ಅಂಗಡಿಯ ಲಕ್ಷ್ಮೀ ಪೂಜೆಯ ಮಣೆಗೆ ಹಾಸಲು ನಿಮ್ಮಜ್ಜಿ ಅಮರಮ್ಮನವರು ಹಕ್ಕಿ ಅರಿವೆ ತೆಗೆದರು. ಕಿರೀಟವಿರಲಿಲ್ಲ. "ಜರಿ ಮ್ಯಾಲ ಕೈ ಆಡೋದು ಈಕಿದ ಒಬ್ಬಾಕಿದು" ಎಂದು ಬಂದವರೆಲ್ಲರ ಮುಂದೆ ಜಮ್ಮುಲಮ್ಮನ ಕಡೆ ಬೆರಳು ಮಾಡಿ ಹೇಳಿದರು. ಆಕೆ ಎದ್ದಳು. ಹೊಸಲಿನಲ್ಲಿ ನಿಂತು ಸೆರಗು ಝಾಡಿಸಿ ಹೋದಳು, ಮತ್ತೆ ಬರಲಿಲ್ಲ. ಕಳ್ಳಿ ಎಂಬ ಹೆಸರು ಹತ್ತಿದ ಮೇಲೆ ಈ ಪೇಟೆಯಲ್ಲಿ ಯಾರೂ ಅವಳ ಕೈಗೆ ಜರಿ ಕೊಡಲಿಲ್ಲ. ಗಂಡ ಮಕ್ಕಳ ಸಮೇತ ಗದ್ವಾಲಕ್ಕೆ ಹೋದಳೆಂದು ಕೇಳಿದೆ.

ನಿನ್ನ ಹಾನ್ನಾಳ ಅಳು ಕೇಳಿದ ಮೇಲೆ ಒಂದು ವಾರ ನನಗೆ ಊಟ ಸೇರಲಿಲ್ಲ. ಮೊನ್ನೆ ಸೋಮವಾರ ನಿಮ್ಮಪ್ಪನಿಗೆ ಗದ್ವಾಲದ ಸೀರೆ ನೋಡಿಬರುತ್ತೇನೆ ಎಂದು ಹೇಳಿ ಬಸ್ಸು ಹತ್ತಿದೆ. ಮಕ್ತಲ ದಾಟಿ ಜೂರಾಲದ ಅಣೆಕಟ್ಟಿನ ಮೇಲೆ ಹೋಗುವಾಗ ವಾಪಸು ಇಳಿದುಬಿಡೋಣ ಎನ್ನಿಸಿತ್ತು. ಬಸ್ಸು ನಿಲ್ಲಲಿಲ್ಲ.

ಜಮ್ಮುಲಮ್ಮನ ಮನೆಯಲ್ಲಿ ಈಗ ಎರಡು ಮಗ್ಗ ಇವೆ. ಸೊಸೆ ಝಾನ್ಸಿ ಮಗ್ಗದಿಂದ ಏಳದೆಯೇ, ನಾರಾಯಣಪೇಟೆಯಿಂದ ಯಾರೋ ಬಂದಿದ್ದಾರೆ ಎಂದು ಅತ್ತೆಗೆ ತೆಲುಗಿನಲ್ಲಿ ಕೂಗಿ ಹೇಳಿದಳು. ಜಮ್ಮುಲಮ್ಮ ಕಣ್ಣಿನ ಆಪರೇಷನ್ನಿನ ಕರಿ ಕನ್ನಡಕ ಹಾಕಿಕೊಂಡು ಬಂದು ನನ್ನ ಮುಖಕ್ಕೆ ಮುಖ ಹಿಡಿದು ನೋಡಿದಳು. "ನಲವತ್ತು ವರ್ಷಾತು. ದಾರಿ ಈಗ ಸಿಕ್ತೇನ್ರಿ ಗಂಗವ್ವಾರ?" ಎಂದಳು.

ನಾನು ಪೋಲೆಂಡಿನ ಕಥೆ ಹೇಳಿದೆ. ಮಗ್ಗ ನಿಂತಿತು, ಝಾನ್ಸಿಯೂ ಕೇಳಿದಳು. ಜಮ್ಮುಲಮ್ಮ ಕೊನೆಗೆ, "ಸತ್ತಾಕಿ ಹೆಸರ ಉಳಸಾಕ ಆ ದೇಶಕ್ಕ ಕಾಗದ ಬರೀತೀರಿ. ಬರೀರಿ, ಪುಣ್ಯದ ಕೆಲಸ. ಇದ್ದಾಕಿ ಹೆಸರೂ ಅದರಾಗ ಹಾಕ್ರಿ. ಜಮ್ಮುಲಮ್ಮ ಕಳ್ಳಿ ಅಲ್ಲ ಅಂತ. ನಾರಾಯಣಪ್ಯಾಟಿಯಾಗ ಅಂತೂ ಯಾರೂ ಬರೀಲಿಲ್ಲ, ಅಲ್ಲಿಯವರಾದ್ರೂ ಓದ್ಲಿ" ಎಂದಳು.

ಆಯಿತು ಎಂದೆ. ಸಾಕ್ಷಿಯ ಹಾಳೆಯಲ್ಲಿ ಜಮ್ಮುಲಮ್ಮ ತೆಗೆದಿಲ್ಲ ಎಂದು ಒಂದು ಸಾಲು ಸೇರಿಸಿದ್ದೇನೆ. ಅಷ್ಟು ಖಾತ್ರಿಯಾಗಿ ನಿನಗೆ ಹೇಗೆ ಗೊತ್ತವ್ವಾ ಎಂದು ಕೇಳಬೇಡ. ಗೊತ್ತು, ಅಷ್ಟೆ.

ಚಳಿಗೆ ಕಿವಿ ಮುಚ್ಚಿಕೋ. ಹಾನ್ನಾ ಅವರಿಗೆ ನನ್ನ ಶರಣು ತಿಳಿಸು, ನಮಗಿಂತ ಹಿರಿಯರು. ಇನ್ನು ಮೇಲೆ ಫೋನು ಮಾಡಿದರೆ ಮೊದಲು ನಿಮ್ಮಪ್ಪನ ಮೊಣಕಾಲು ವಿಚಾರಿಸು.

ನಿನ್ನ ಅವ್ವ,
ಗಂಗಾಂಬಿಕಾ ಪರಮೇಶಪ್ಪ

ಮತ್ತೊಂದು ಮಾತು. ಶುಕ್ರವಾರ ಬೆಳಗ್ಗೆ.

ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಮೇಲೆ ಹೇಳಿದ ಸಾಕ್ಷಿಯ ಹಾಳೆ ಹರಿದುಹಾಕಿ ಇನ್ನೊಂದು ಬರೆದಿದ್ದೇನೆ, ಅದನ್ನೇ ಸಭೆಯಲ್ಲಿ ಓದು. ಕಿರೀಟ ಬಿಚ್ಚಿದವಳು ನಾನು.

ಇದರ ಜೊತೆ ಕಳಿಸುವ ಪಾರ್ಸೆಲಿನಲ್ಲಿ ಒಂದು ಕುಲಾವಿ ಇದೆ, ನಿನ್ನ ತೊಟ್ಟಿಲ ಶಾಸ್ತ್ರದ ಟೊಪ್ಪಿಗೆ. ನಮ್ಮ ಮನೆಯಲ್ಲಿ ಗಂಡುಕೂಸಿನ ಕುಲಾವಿಗೆ ಮಾತ್ರ ಜರಿಯ ಅಂಚು ಹಾಕುತ್ತಿದ್ದರು, ಹೆಣ್ಣಿಗೆ ಬಣ್ಣದ ದಾರ. ನಿಮ್ಮಕ್ಕನಿಗೆ ದಾರ ಹಾಕಿದಾಗ ಸುಮ್ಮನಿದ್ದೆ. ನೀನು ಎರಡನೆಯವಳು. "ಇದೂ ಹೆಣ್ಣ. ದಾರ ಸಾಕು" ಎಂದರು ನಿಮ್ಮಜ್ಜಿ. ಅಂಗಡಿಯ ಜರಿ ಗುಂಜಿ ಲೆಕ್ಕದಲ್ಲಿ ತೂಗಿ ಇಡುತ್ತಿದ್ದರು, ಒಂದೆಳೆ ತೆಗೆದರೂ ತಕ್ಕಡಿ ಹೇಳುತ್ತಿತ್ತು. ಮನೆಯಲ್ಲಿ ತೂಗದ ಜರಿ ಇದ್ದದ್ದು ಆ ಹಕ್ಕಿಯ ತಲೆಯ ಮೇಲೆ ಮಾತ್ರ. ಹಕ್ಕಿಗೆ ಕಿರೀಟ ಇದ್ದರೇನು, ಇಲ್ಲದಿದ್ದರೇನು ಎಂದುಕೊಂಡೆ. ಬಿಚ್ಚಿ ನಿನ್ನ ಕುಲಾವಿಗೆ ಹೊಲಿದೆ, ತವರಿನಿಂದ ಬಂದದ್ದು ಎಂದು ಸುಳ್ಳು ಹೇಳಿದೆ. ಮೂರು ತಿಂಗಳಿಗೆ ದೀಪಾವಳಿ ಬಂತು.

ಜಮ್ಮುಲಮ್ಮನಿಗೆ ಇದು ಅವತ್ತೇ ಗೊತ್ತಿತ್ತಂತೆ. ಮೊನ್ನೆ ಹೇಳಿದಳು: "ತೊಟ್ಲ ದಿನಾನ ಕಂಡೆ. ಅದು ಗದ್ವಾಲ ಜರಿ ಅಲ್ಲ, ನನ್ನ ಕೈಯಾಗ ಹಾಯ್ದ ಜರಿನೂ ಅಲ್ಲ. ನಾ ಬಾಯಿ ಬಿಟ್ಟಿದ್ರ ನಿಮ್ಮತ್ತಿ ಕೂಸಿನ ತಲೀಮ್ಯಾಲಿಂದ ಕಿತ್ತು ತಗೀತಿದ್ರು. ನೀವ ಹೇಳತೀರಿ ಅಂತ ಹೊಸಲದಾಗ ಒಂದ್ ಗಳಿಗಿ ನಿಂತೆ. ನೀವು ಕೂಸಿಗಿ ಹಾಲು ಕುಡಸಾಕ ಒಳಗ ಹೋದ್ರಿ."

ಹೌದು, ಹೋದೆ. ನೀನು ಅಳುತ್ತಿರಲಿಲ್ಲ.

ನಾನು ಹೊರಡಲು ಎದ್ದಾಗ, "ತಡೀರಿ, ನಮ್ಮ ಮನ್ಯಾಗೂ ಜರಿ ಐತ್ರಿ" ಎಂದಳು. ಝಾನ್ಸಿ ನೋಡುತ್ತಾ ನಿಂತಿದ್ದಳು. ನಾನು ಹೊಸಲಿನಲ್ಲಿ ನಿಂತು ಸೆರಗು ಝಾಡಿಸಿ ಬಂದೆ.

ಕುಲಾವಿಯ ಜರಿ ಬಿಚ್ಚಿ ಹಕ್ಕಿಗೆ ಮತ್ತೆ ಹೊಲಿಯಲು ಹೋಗಬೇಡ. ಹೇಗಿದೆಯೋ ಹಾಗೇ ಅರಿವೆಯ ಪಕ್ಕದಲ್ಲಿಡು, ತೂತು ಎಣಿಸುವವರು ಎಣಿಸಿಕೊಳ್ಳಲಿ. ಅವುಗಳ ಕೆಳಗೆ ನೀವು ಹಾಕುವ ಹೆಸರಿನ ಚೀಟಿಯಲ್ಲಿ ಜೋಫಿಯಾಳ ಹೆಸರು ಮೊದಲು, ಜಮ್ಮುಲಮ್ಮನ ಹೆಸರು ಆಮೇಲೆ. ನನ್ನದು ಕೊನೆಗಿರಲಿ. ಆದರೆ ಸಣ್ಣ ಅಕ್ಷರದಲ್ಲಿ ಬರೆಯಬೇಡ.